ಗಿಣಿಯಕ್ಕ ಸೇರಿಸಿದ ಒಂದು ಸಾಲು

ನಮ್ಮ ಆಸ್ಪತ್ರೆಯಲ್ಲಿ ಗಿಣಿ ಸಾಕಿದವರು ಒಬ್ಬರೇ. ಆ ಗಿಣಿಗೆ ಪಂಜರವಿಲ್ಲ, ರೆಕ್ಕೆಯಿಲ್ಲ, ಕಾಳು ಹಾಕುವ ಗೋಜೂ ಇಲ್ಲ. ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ, ಸದಾ ಗುಂಯ್ ಅನ್ನುವ ಫ್ಯಾನುಗಳ ನಡುವೆ, ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು, ಕೇಳಿದ ಪ್ರಶ್ನೆಗೆ ಕಲಿಸಿದ ಉತ್ತರ ಕೊಡುವುದೇ ಅದರ ಕೆಲಸ. ಅದನ್ನು ಸಾಕಿದವರನ್ನು ವಾರ್ಡಿನ ನರ್ಸುಗಳಿಂದ ಹಿಡಿದು ಲಿಫ್ಟಿನವರತನಕ ಎಲ್ಲರೂ ಗಿಣಿಯಕ್ಕ ಅಂತಲೇ ಕರೆಯುತ್ತಿದ್ದರು. ಅವರ ನಿಜವಾದ ಹೆಸರು ಅವರಿಗೇ ಮರೆತುಹೋಗಿತ್ತೇನೋ. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ, ಹಿಂದೆ ಬೇರೆ ಯಾರೋ ನಿಂತಿರಬೇಕು ಅಂತ ತಿರುಗಿ ನೋಡುತ್ತಿದ್ದರು.

ನಾನು ಅದೇ ಆಸ್ಪತ್ರೆಯ ಸ್ಕ್ಯಾನ್ ವಿಭಾಗದ ಕೌಂಟರಿನಲ್ಲಿ ಕೂರುವವಳು. ಗಿಣಿಯಕ್ಕನ ಮನೆಯ ಮೇಲಿನ ಮಹಡಿಯಲ್ಲೇ ನನ್ನ ಬಾಡಿಗೆ ಕೋಣೆ. ಹೀಗಾಗಿ ಅವರ ಕೆಲಸವನ್ನೂ ಕಂಡಿದ್ದೇನೆ, ಮನೆಯನ್ನೂ ಕಂಡಿದ್ದೇನೆ. ಅಂಥ ಕೆಲಸಗಾರ್ತಿಯನ್ನು ಮಾತ್ರ ಇನ್ನೆಲ್ಲೂ ಕಂಡಿಲ್ಲ.

ಈ ಗಿಣಿ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ದಿನಾ ತೆಗೆಯುವ ಸ್ಕ್ಯಾನ್ ಚಿತ್ರಗಳೆಲ್ಲ ದೊಡ್ಡ ಸರ್ವರಿನಲ್ಲಿ ಗುಡ್ಡೆ ಬೀಳುತ್ತವೆ. ಹಳೆಯವನ್ನು ಟೇಪುಗಳಿಗೆ ಸಾಗಿಸದಿದ್ದರೆ ಹೊಸವಕ್ಕೆ ಜಾಗ ಇರುವುದಿಲ್ಲ. ಸಾಗಿಸುವುದಕ್ಕೆ ಒಂದು ಕಂಪನಿ ಕೊಟ್ಟ ಪ್ರೋಗ್ರಾಂ ಇದೆ. ಅದೊಂದು ಥರ ಹಠಮಾರಿ ಅಜ್ಜ. ಬಟನ್ ಇಲ್ಲ, ಬಣ್ಣ ಇಲ್ಲ, ಕಪ್ಪು ಪರದೆಯ ಮೇಲೆ ಒಂದೊಂದೇ ಪ್ರಶ್ನೆ ಕೇಳುತ್ತದೆ. ಪಾಸ್‌ವರ್ಡ್ ಏನು? ಯಾವ ಟೇಪು? ಇದರಲ್ಲಿ ಆಗಲೇ ಚಿತ್ರಗಳಿವೆ, ಅವುಗಳ ಮುಂದಕ್ಕೆ ಸೇರಿಸಲೇ? ಎಲ್ಲ ಉತ್ತರಗಳನ್ನೂ ಒಟ್ಟಿಗೆ ಕೊಡುತ್ತೇನೆ ಅಂದರೆ ತೆಗೆದುಕೊಳ್ಳುವುದಿಲ್ಲ. ಅದು ಕೇಳಬೇಕು, ನಾವು ಹೇಳಬೇಕು. ಗಿಣಿಯಕ್ಕ ಬರುವ ಮುಂಚೆ ಇದಕ್ಕೋಸ್ಕರವೇ ಒಬ್ಬರು ಸಂಜೆಯೆಲ್ಲ ಕೀಬೋರ್ಡಿನ ಮುಂದೆ ತೂಕಡಿಸುತ್ತ ಕೂರಬೇಕಿತ್ತಂತೆ.

ಗಿಣಿಯಕ್ಕ ಬಂದವರೇ ಒಂದು ಸ್ಕ್ರಿಪ್ಟ್ ಬರೆದರು. ಪರದೆಯ ಮೇಲೆ ಇಂಥ ಮಾತು ಬರುವತನಕ ಕಾಯಿ, ಬಂದರೆ ಇಂಥ ಉತ್ತರ ಟೈಪ್ ಮಾಡು, ಆಮೇಲೆ ಮುಂದಿನ ಮಾತಿಗೆ ಕಾಯಿ. ಇಷ್ಟೇ ಅದರ ತಿರುಳು. ಎದುರಿಗೆ ಕೂತಿರುವುದು ಮನುಷ್ಯರೋ ಸ್ಕ್ರಿಪ್ಟೋ ಪ್ರೋಗ್ರಾಮಿಗೆ ತಿಳಿಯುವುದೇ ಇಲ್ಲ. ನನಗೆ ಮೊದಲ ಸಲ ತೋರಿಸಿದಾಗ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಯಾರೂ ಮುಟ್ಟದ ಕೀಬೋರ್ಡು, ಪರದೆಯ ಮೇಲೆ ಮಾತ್ರ ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ.

“ಬರೀ ಗಿಣಿಪಾಠ ಕಣೇ ಇದು,” ಅಂದರು ಗಿಣಿಯಕ್ಕ. “ಉತ್ತರ ಕಲಿಸೋದು ಏನೂ ಕಷ್ಟ ಇಲ್ಲ. ಕಲಿಸದೇ ಇರೋದನ್ನ ಕೇಳಿದಾಗ ಬಾಯಿ ಮುಚ್ಕೊಂಡಿರೋದನ್ನ ಕಲಿಸ್ಬೇಕಲ್ಲ, ಅದು ಕಷ್ಟ. ಮನುಷ್ಯರಿಗೇ ಬರಲ್ಲ.”

ಅದೇ ಅವರ ಪದ್ಧತಿ. ಪ್ರಶ್ನೆಯ ಕೊನೆಯ ಅಕ್ಷರದವರೆಗೂ ತಾಳೆಯಾದರೆ ಮಾತ್ರ ಗಿಣಿ ಉತ್ತರಿಸಬೇಕು. ಒಂದು ಅಲ್ಪವಿರಾಮ ಆಚೀಚೆಯಾದರೂ ಗಪ್‌ಚಿಪ್. ಗಿಣಿಯಕ್ಕನ ಫೋನಿಗೆ ಒಂದು ಮೆಸೇಜು ಹೋಗುತ್ತದೆ, ಪ್ರಶ್ನೆ ಹಾಗೇ ಪರದೆಯ ಮೇಲೆ ಕಾದಿರುತ್ತದೆ. ಅವರು ಹೋಗಿ, ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿ, ತಾವೇ ಉತ್ತರ ಕೊಟ್ಟು, ಆಮೇಲೆ ಆ ಹೊಸ ಪ್ರಶ್ನೆಯನ್ನು ಗಿಣಿಗೆ ಕಲಿಸುವರು. ಬೇರೆ ಆಸ್ಪತ್ರೆಗಳಿಂದ ಕಲಿಯುವುದಕ್ಕೆ ಬಂದವರಿಗೂ ಇದನ್ನೇ ಹೇಳುತ್ತಿದ್ದರು. ಅವರೆಲ್ಲ ತಲೆಯಾಡಿಸಿ ಹೋಗಿ, ತಮ್ಮ ಊರಿನಲ್ಲಿ ಬೇರೆ ಥರ ಮಾಡುತ್ತಿದ್ದರು ಅಂತ ಕೇಳಿದ್ದೇನೆ.

ತೊಂದರೆ ಏನು ಗೊತ್ತೇ? ಗಿಣಿ ಸುಮ್ಮನಾದ ಮಾರನೆಯ ಬೆಳಗ್ಗೆ ಸರ್ವರಿನಲ್ಲಿ ಜಾಗ ಇರುವುದಿಲ್ಲ, ಹೊಸ ಸ್ಕ್ಯಾನುಗಳು ಒಳಗೆ ಹೋಗುವುದಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ಕೂಗಾಡಲು ಶುರು. ಯಾವ ಕೆಲಸವಾದರೂ ‘ಈಗಲೇ ಆಗ್ಬೇಕು’ ಅನ್ನುವುದು ಅವರ ಬಾಯಿಪಾಠ. ಹಾಗಾಗಿ ಬೆನ್ನ ಹಿಂದೆ ನಾವು ಅವರಿಗೆ ಈಗಲೇ ಸಾಹೇಬರು ಅಂತ ಹೆಸರಿಟ್ಟಿದ್ದೆವು.

“ಎಲ್ಲಮ್ಮಾ ನಿಮ್ಮ ಗಿಣಿ? ಬದುಕಿದೆಯೋ ಸತ್ತಿದೆಯೋ?”

“ಬದುಕಿದೆ ಸಾರ್. ಪ್ರಶ್ನೆ ಹೊಸದು ಅಂತ ಸುಮ್ನೆ ಕೂತಿದೆ.”

“ಏನು ಅಂಥಾ ಹೊಸಾ ಪ್ರಶ್ನೆ?”

“‘ಮುಂದುವರಿಸಲೇ’ ಅಂತ ಇತ್ತು. ಈಗ ‘ಮುಂದುವರಿಸಬಹುದೇ’ ಅಂತ ಮಾಡಿದಾರೆ ಕಂಪನಿಯೋರು.”

“ಅಯ್ಯೋ ದೇವ್ರೇ! ಎರಡಕ್ಕೂ ಹೌದು ತಾನೇ? ಏನು ಕೇಳಿದ್ರೂ ಹೌದು ಅನ್ನು ಅಂತ ಹೇಳ್ಕೊಟ್ಟು ಮುಗಿಸ್ರಮ್ಮ. ಇಲ್ಲಿ ಪೇಷಂಟುಗಳು ಸಾಲು ನಿಂತಿದಾರೆ. ಈಗಲೇ ಆಗ್ಬೇಕು.”

“ಏನು ಕೇಳಿದ್ರೂ ಹೌದು ಅನ್ನೋರನ್ನ ಮನೇಲಿ ಇಟ್ಕೋಬಾರ್ದು ಸಾರ್,” ಅಂದು ಗಿಣಿಯಕ್ಕ ಫೋನಿಡುತ್ತಿದ್ದರು. ಕೌಂಟರಿನಲ್ಲಿ ಕೂತ ನಮಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ಮನೆಯಲ್ಲಿ ಇದ್ದದ್ದು ಇಬ್ಬರೇ, ಅಕ್ಕ ಮತ್ತು ತಮ್ಮ. ತಮ್ಮ ಬಡಗಿ, ನನಗೆ ಬಡಗಿಯಣ್ಣ. ಬೀದಿಯ ತಿರುವಿನಲ್ಲಿ ತಗಡಿನ ಮಾಡಿನ ಕೆಳಗೆ ಅವನ ಕೆಲಸದ ಮನೆ. ಕೀಸುಳಿ ಹಿಡಿದು ಹಲಗೆ ನಯ ಮಾಡಲು ನಿಂತನೆಂದರೆ ಸುರುಳಿ ಸುರುಳಿಯಾಗಿ ಸಿಪ್ಪೆ ಬೀಳುವುದನ್ನು ನೋಡುವುದಕ್ಕೆ ಶಾಲೆಯಿಂದ ಬರುವ ಮಕ್ಕಳು ನಿಂತುಬಿಡುತ್ತಿದ್ದರು. ತಾಯಿ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದು ಅಕ್ಕನೇ. ಈಗ ಇಬ್ಬರಿಗೂ ತಲೆ ನರೆತಿದ್ದರೂ ಜಗಳ ಮಾತ್ರ ಚಿಕ್ಕ ಮಕ್ಕಳದ್ದೇ.

“ಏನಕ್ಕಾ, ನಿನ್ ಗಿಣಿ ಇವತ್ತಾದ್ರೂ ಮೊಟ್ಟೆ ಇಡ್ತಾ?”

“ನಿನ್ ಹಾಗೆ ಮೈತುಂಬ ಪುಡಿ ಉದುರಿಸ್ಕೊಂಡು ಮನೆ ಒಳಗೆ ಬರಲ್ಲ ಅದು. ಹೋಗಿ ಕಾಲು ತೊಳ್ಕೋ.”

“ನಾನು ಮಾಡಿದ ಬಾಗಿಲನ್ನ ಜನ ಮುಟ್ಟಿ ನೋಡ್ತಾರೆ. ನಿನ್ ಕೆಲಸಾನ ಯಾರಾದ್ರೂ ಮುಟ್ಟೋಕಾಗತ್ತಾ?”

“ಮುಟ್ಟೋಕೆ ಬಂದ್ರೆ ಕೈ ಮುರೀತೀನಿ.”

ಹೀಗೆ ಅವರ ಮಾತು ನನ್ನ ಕೋಣೆಯ ನೆಲದಿಂದ ಮೇಲೆ ಬರುತ್ತಿತ್ತು. ರೇಡಿಯೋ ಬೇಕೇ ಇರಲಿಲ್ಲ ನನಗೆ.

ಒಂದು ಸಲ ಬಡಗಿಯಣ್ಣನಿಗೆ ಹಿಡಿದ ಕೆಮ್ಮು ಬಿಡಲಿಲ್ಲ. ಮರದ ಪುಡಿಯ ಕೆಮ್ಮು, ತಾನಾಗೇ ಹೋಗುತ್ತದೆ ಅಂದ. ಹೋಗಲಿಲ್ಲ. ಜ್ವರ ಏರಿತು, ಮಾತಾಡುವಾಗ ನಡುನಡುವೆ ಉಸಿರು ಎಳೆದುಕೊಳ್ಳತೊಡಗಿದ. ಗಿಣಿಯಕ್ಕ ಅವನನ್ನು ನಮ್ಮ ಆಸ್ಪತ್ರೆಗೇ ಸೇರಿಸಿದರು. ಎದೆಯಲ್ಲಿ ಕಫ ಗಟ್ಟಿಯಾಗಿದೆ, ನ್ಯುಮೋನಿಯಾ ಅಂದರು. ಮೂಗಿಗೆ ಆಕ್ಸಿಜನ್ ನಳಿಕೆ. ಮೇಲಿನ ಮಹಡಿಯ ವಾರ್ಡಿನಲ್ಲಿ, ಗೋಡೆಯ ಪಕ್ಕದ ಮಂಚ.

ಕಂಪನಿಯವರು ಪ್ರೋಗ್ರಾಮಿನ ಹೊಸ ಆವೃತ್ತಿ ಕಳಿಸಿದ್ದೂ ಅದೇ ವಾರ. ಪ್ರಶ್ನೆಗಳೆಲ್ಲ ಬದಲಾದವು. ಗಿಣಿ ದಿನಾ ಒಂದಲ್ಲ ಒಂದಕ್ಕೆ ಸುಮ್ಮನಾಗತೊಡಗಿತು. ಗಿಣಿಯಕ್ಕ ವಾರ್ಡಿನಿಂದ ನೆಲಮಾಳಿಗೆಗೆ, ನೆಲಮಾಳಿಗೆಯಿಂದ ವಾರ್ಡಿಗೆ. ಲಿಫ್ಟಿಗೆ ಕಾಯುವ ತಾಳ್ಮೆಯೂ ಇಲ್ಲದೆ ಮೆಟ್ಟಿಲು ಹತ್ತಿ ಇಳಿದು ಕಾಲು ಊದಿಕೊಂಡಿತ್ತು. ಕೆಳಗೆ ಓದುತ್ತಿದ್ದರೆ ಮೇಲಿಂದ ನರ್ಸು ಫೋನು ಮಾಡುವಳು, ಮೇಲೆ ಕೂತರೆ ಕೆಳಗಿನಿಂದ ಗಿಣಿಯ ಮೆಸೇಜು.

ಆ ಮಧ್ಯಾಹ್ನ ನಾನು ಅವರಿಗೆ ಫ್ಲಾಸ್ಕಿನಲ್ಲಿ ಟೀ ತಂದಿದ್ದೆ. ಬಡಗಿಯಣ್ಣ ಏದುಸಿರು ಬಿಡುತ್ತ ಅಕ್ಕನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಈಗಲೇ ಸಾಹೇಬರು ವಾರ್ಡಿನ ಬಾಗಿಲಿಗೇ ಬಂದುಬಿಟ್ಟರು.

“ನೋಡಮ್ಮ, ನಿಮ್ಮ ಕಷ್ಟ ನಂಗೆ ಅರ್ಥ ಆಗತ್ತೆ. ಆದ್ರೆ ಕೆಳಗೆ ತಲೆಗೆ ಪೆಟ್ಟು ಬಿದ್ದೋರು ಸ್ಕ್ಯಾನಿಗೆ ಕಾಯ್ತಿದಾರೆ, ಜಾಗ ಇಲ್ಲ. ಅವರಿಗೂ ಅಕ್ಕತಂಗೀರು ಇರ್ತಾರೆ.”

ಗಿಣಿಯಕ್ಕ ಎದ್ದರು. ಬಡಗಿಯಣ್ಣ ಅವರ ಕೈ ಬಿಡಲಿಲ್ಲ.

“ಹೋಗ್ಬೇಡ,” ಅಂದ. ಅಷ್ಟು ಹೇಳುವುದಕ್ಕೇ ಅವನಿಗೆ ಎರಡು ಉಸಿರು ಬೇಕಾಯಿತು.

ಗಿಣಿಯಕ್ಕ ಮತ್ತೆ ಕೂತರು. ಪ್ರೋಗ್ರಾಮಿನ ಪ್ರಶ್ನೆ ಕಾಣುವುದು ಕೆಳಗಿನ ಪರದೆಯಲ್ಲಿ ಮಾತ್ರ, ಸ್ಕ್ರಿಪ್ಟನ್ನಾದರೆ ಎಲ್ಲಿಂದಲಾದರೂ ತಿದ್ದಬಹುದಿತ್ತು. ಲ್ಯಾಪ್‌ಟಾಪನ್ನು ಮಂಚದ ಕಾಲುಗಡೆ ಇಟ್ಟು, ಒಂದೇ ಕೈಯಲ್ಲಿ ಸ್ಕ್ರಿಪ್ಟ್ ತೆರೆದು ಒಂದು ಸಾಲು ಸೇರಿಸಿದರು. ಪ್ರಶ್ನೆ ಯಾವುದೇ ಇರಲಿ, ಕೊನೆಯಲ್ಲಿ ‘ಹೌದು/ಇಲ್ಲ’ ಅಂತ ಇದ್ದರೆ, ಹೌದು ಅನ್ನು.

“ಇವನು ಎದ್ದು ಕೂತ ಮೇಲೆ ತೆಗೆದುಹಾಕ್ತೀನಿ,” ಅಂದರು. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ. ಸಾಹೇಬರು ಆಗಲೇ ಮೆಟ್ಟಿಲು ಇಳಿದಿದ್ದರು.

ಆಮೇಲೆ ಗಿಣಿ ಒಂದು ಸಲವೂ ನಿಲ್ಲಲಿಲ್ಲ. ಬೆಳಗ್ಗೆ ಬೈಗುಳವಿಲ್ಲ, ಫೋನಿಲ್ಲ, ಸರ್ವರಿನಲ್ಲಿ ಬೇಕಾದಷ್ಟು ಜಾಗ. ಬಡಗಿಯಣ್ಣ ಜ್ವರ ಬಿಟ್ಟು ಎದ್ದು ಕೂತ, ಬ್ರೆಡ್ಡು ತಿಂದ, ಪಕ್ಕದ ಮಂಚದವರ ಮೇಜಿನ ಅಲ್ಲಾಡುವ ಕಾಲನ್ನು ಕಾಗದ ಮಡಚಿಟ್ಟು ಸರಿ ಮಾಡಿದ. ಆ ಸಾಲು ಮಾತ್ರ ಹಾಗೇ ಉಳಿಯಿತು. ನೋಯುವ ಹಲ್ಲಿನ ಕಡೆಗೇ ನಾಲಗೆ ಹೊರಳುವುದಲ್ಲವೇ, ನೋಯದೆ ಇರುವುದರ ಕಡೆ ಯಾರ ಗಮನ ಹೋಗುತ್ತದೆ?

ಮನೆಗೆ ಕಳಿಸುವ ಮುಂಚೆ ಎದೆಯ ಡಾಕ್ಟರು ಇನ್ನೊಂದು ಸ್ಕ್ಯಾನ್ ಮಾಡಿಸಿದರು. ಅವರು ಮೆತ್ತಗೆ ಮಾತಾಡುವ ಹೆಂಗಸು. ಅಕ್ಕತಮ್ಮ ಇಬ್ಬರನ್ನೂ ಕೂರಿಸಿ, ನಾನು ಕೌಂಟರಿನಿಂದ ತಂದುಕೊಟ್ಟ ಚಿತ್ರ ತೋರಿಸಿದರು. ಕಫವೆಲ್ಲ ಹೋಗಿದೆ. ಆದರೆ ಶ್ವಾಸಕೋಶದಲ್ಲಿ, ದೊಡ್ಡ ರಕ್ತನಾಳಕ್ಕೆ ಅಂಟಿದ ಹಾಗೆ, ಕಡಲೆಕಾಳಿನಷ್ಟು ಒಂದು ಬಿಳಿ ಚುಕ್ಕೆ ಇದೆ.

“ಸೂಜಿ ಹಾಕಿ ನೋಡೋಣ ಅಂದ್ರೆ ಜಾಗ ಸರಿ ಇಲ್ಲ,” ಅಂದರು ಡಾಕ್ಟರು. “ನೀವು ಹಿಂದೆ ಏಣಿಯಿಂದ ಬಿದ್ದು ಪಕ್ಕೆಲುಬು ಮುರ್ಕೊಂಡಾಗ ಇಲ್ಲೇ ಎದೆ ಸ್ಕ್ಯಾನ್ ಮಾಡ್ಸಿದೀರಿ ಅಂತ ಇದೆ. ರಿಪೋರ್ಟಲ್ಲಿ ಪಕ್ಕೆಲುಬಿನ ಮಾತಷ್ಟೇ ಬರೆದಿದಾರೆ, ಆ ಚಿತ್ರಾನೇ ಬೇಕು. ಅದರಲ್ಲೂ ಈ ಚುಕ್ಕೆ ಇಷ್ಟೇ ಇದ್ರೆ, ಯಾವತ್ತೋ ವಾಸಿಯಾದ ಹಳೇ ಕಲೆ ಅಂತ ಅರ್ಥ. ಮುಟ್ಟೋದೇ ಬೇಡ. ಅದರಲ್ಲಿ ಇಲ್ಲ ಅಂದ್ರೆ ಹೊಸದಾಗಿ ಬೆಳೀತಿದೆ. ಎದೆ ಬಿಚ್ಚಿ ಆ ಭಾಗ ತೆಗೀಬೇಕಾಗತ್ತೆ.”

“ತೆಗೆದ್ರೆ ಕೆಲಸ ಮಾಡ್ಬಹುದಾ?” ಬಡಗಿಯಣ್ಣ ಕೇಳಿದ.

“ಕೂತು ಮಾಡೋ ಕೆಲಸ ಮಾಡ್ಬಹುದು.”

“ಕೂತ್ಕೊಂಡು ಬಡಗಿ ಏನ್ ಮಾಡ್ತಾನೆ ಡಾಕ್ಟ್ರೇ? ತಾನು ಮಾಡಿದ ಕುರ್ಚಿ ಗಟ್ಟಿ ಇದೆಯಾ ಅಂತ ನೋಡ್ಬೇಕು ಅಷ್ಟೇ.”

ಗಿಣಿಯಕ್ಕನ ಮುಖದಲ್ಲಿ ಮಾತ್ರ ಭಯವಿರಲಿಲ್ಲ. “ಹಳೇ ಸ್ಕ್ಯಾನ್ ಇದೆ ಡಾಕ್ಟ್ರೇ. ನಾನೇ ಟೇಪಿಗೆ ಹಾಕಿರೋದು, ಎರಡು ಪ್ರತಿ ಇದೆ. ಈಗ ತರ್ತೀನಿ, ಕೂತಿರಿ,” ಅಂತ ಎದ್ದರು. ತಮ್ಮನ ಭುಜ ತಟ್ಟಿದರು. “ಮುಟ್ಟೋಕಾಗತ್ತಾ ಅಂತಿದ್ಯಲ್ಲ, ಮುಟ್ಟುವೆಯಂತೆ ಇರು.”

ಕೌಂಟರಿನಿಂದ ಬೇಡಿಕೆ ಚೀಟಿ ಬರೆದುಕೊಂಡು ನಾನೂ ಅವರ ಜೊತೆ ಕೆಳಗೆ ಹೋದೆ. ಹಳೆಯ ಟೇಪುಗಳೆಲ್ಲ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆಯೊಳಗೆ ಸಾಲಾಗಿ ಇರುತ್ತವೆ, ಬೇಕಾದ್ದನ್ನು ಮಷೀನೇ ಎತ್ತಿ ತರುತ್ತದೆ. ಗಿಣಿಯಕ್ಕ ಆ ವರ್ಷದ ಟೇಪು ಕೇಳಿದರು. ಮಷೀನು ತಂದಿತು. ಪರದೆ ಹೇಳಿತು: ಇದರಲ್ಲಿ ಆ ಚಿತ್ರ ಇಲ್ಲ.

“ನಂಬರು ತಪ್ಪು ಹಾಕಿದ್ನೇನೋ,” ಅಂದರು. ಮತ್ತೆ ಹಾಕಿದರು. ಇಲ್ಲ. ಎರಡನೆಯ ಪ್ರತಿ ಕೇಳಿದರು. ಇಲ್ಲ. ಅದರ ಹಿಂದಿನ ವರ್ಷ, ಮುಂದಿನ ವರ್ಷ. ಒಂದರಲ್ಲೂ ಹಳೆಯದು ಇಲ್ಲ. ಇದ್ದದ್ದೆಲ್ಲ ಈಚಿನ ವಾರಗಳ ಚಿತ್ರಗಳು.

ಕೊನೆಗೆ ಅವರು ಲಾಗ್ ತೆರೆದರು. ಗಿಣಿ ಮತ್ತು ಪ್ರೋಗ್ರಾಂ ಆಡಿದ ಮಾತೆಲ್ಲ ಅದರಲ್ಲಿ ಇರುತ್ತದೆ. ಹೊಸ ಆವೃತ್ತಿ ಪೆಟ್ಟಿಗೆಯಲ್ಲಿದ್ದ ಹಳೆಯ ಟೇಪುಗಳನ್ನು ಒಂದೊಂದಾಗಿ ತೆಗೆದು ಕೇಳಿತ್ತು.

ಈ ಟೇಪು ಹಳೆಯ ಮಾದರಿಯದು. ಹೊಸ ಮಾದರಿಗೆ ಬದಲಿಸಿದರೆ ಇದರಲ್ಲಿರುವುದೆಲ್ಲ ಅಳಿದುಹೋಗುತ್ತದೆ. ಬದಲಿಸಲೇ? ಹೌದು/ಇಲ್ಲ.

ಹೌದು.

ಖಂಡಿತವಾಗಿಯೂ? ಹೌದು/ಇಲ್ಲ.

ಹೌದು.

ಮುಂದಿನ ಟೇಪು. ಅದೇ ಪ್ರಶ್ನೆ. ಹೌದು. ಹೌದು. ಗಿಣಿಯಕ್ಕ ಬಾಣದ ಕೀಲಿ ಒತ್ತುತ್ತ ಹೋದರು, ಪರದೆ ಮೇಲಕ್ಕೆ ಓಡುತ್ತ ಹೋಯಿತು. ಎಲ್ಲೂ ಮುಗಿಯುತ್ತಲೇ ಇರಲಿಲ್ಲ. ಎರಡನೆಯ ಪ್ರತಿಗಳನ್ನು ನೋಡಿಕೊಳ್ಳುತ್ತಿದ್ದದ್ದೂ ಅದೇ ಗಿಣಿ.

“ಈ ಪ್ರಶ್ನೇನ ಒಂದು ಮಗು ಓದಿದ್ರೂ ಇಲ್ಲ ಅಂತಿತ್ತು ಕಣೇ,” ಅಂದರು. ಆಮೇಲೆ, ನಾನು ನೋಡುತ್ತಿದ್ದ ಹಾಗೇ, ಸ್ಕ್ರಿಪ್ಟ್ ತೆರೆದು ಆ ಸಾಲನ್ನು ಅಳಿಸಿದರು.

ಈಗಲೇ ಸಾಹೇಬರಿಗೆ ಅವರೇ ಹೋಗಿ ಹೇಳಿದರು. ಸಾಹೇಬರು ಎದ್ದು ಬಾಗಿಲು ಹಾಕಿದರು. ಆದರೆ ನಮ್ಮ ಕೌಂಟರಿಗೂ ಅವರ ಕೋಣೆಗೂ ನಡುವೆ ಇರುವುದು ತೆಳು ಹಲಗೆ.

“ಇದು ಕಂಪನಿ ತಪ್ಪು. ಅವರ ಪ್ರೋಗ್ರಾಂ ಅಳಿಸಿದ್ದು. ನೀವು ಯಾರ ಹತ್ರಾನೂ ಬಾಯಿ ಬಿಡ್ಬೇಡಿ.”

“ಅದು ಕೇಳಿ ಅಳಿಸಿದೆ ಸಾರ್. ಎರಡೆರಡು ಸಲ ಕೇಳಿದೆ. ನಾನು ಹೌದು ಅಂದಿದೀನಿ.”

“ನೀವೆಲ್ಲಿ ಅಂದ್ರಿ? ಗಿಣಿ ಅಂದಿದ್ದು.”

“ಗಿಣಿಗೆ ಬಾಯಿ ಎಲ್ಲಿದೆ ಸಾರ್?”

ಇನ್ನೊಂದು ದಾರಿ ಉಳಿದಿತ್ತು. ಏಣಿಯಿಂದ ಬಿದ್ದಾಗ ಆಸ್ಪತ್ರೆಯವರು ಸ್ಕ್ಯಾನಿನ ಫಿಲ್ಮನ್ನೂ ಕೊಟ್ಟಿದ್ದರು. ಕಪ್ಪು ಪ್ಲಾಸ್ಟಿಕ್ ಹಾಳೆ, ಅದರ ತುಂಬ ಚೌಕ ಚೌಕವಾಗಿ ಎದೆಯ ಚಿತ್ರಗಳು. ಗಿಣಿಯಕ್ಕ ಮನೆಯ ಕಪಾಟೆಲ್ಲ ಕೆಳಗಿಳಿಸಿ ಹುಡುಕಿದರು. ಖಾಲಿ ಲಕೋಟೆ ಸಿಕ್ಕಿತು. ಆಸ್ಪತ್ರೆಗೆ ಫೋನು ಮಾಡಿ ತಮ್ಮನನ್ನು ಕೇಳಿದರು.

“ಆ ಕರೀ ಹಾಳೇನಾ?” ಅಂದ ಬಡಗಿಯಣ್ಣ. “ಒಳ್ಳೇ ಗಟ್ಟಿ ಹಾಳೆ ಅಕ್ಕಾ ಅದು. ಕುರ್ಚಿ ಕೈಗೆ ಅಳತೆ ಕತ್ತರಿಸ್ಕೊಂಡೆ. ಕೆಲಸದ ಮನೇಲಿ ಮೊಳೆಗೆ ನೇತಾಕಿದೀನಿ ನೋಡು.”

ಹೋಗಿ ನೋಡಿದೆವು. ಮೊಳೆಯಲ್ಲಿ ದಾರ ಪೋಣಿಸಿದ ಹತ್ತಾರು ಅಚ್ಚುಗಳು. ಬಾಗಿದವು, ದುಂಡಗಿನವು, ಎಲೆಯ ಆಕಾರದವು. ಬೆಳಕಿಗೆ ಹಿಡಿದರೆ ಒಂದೊಂದರಲ್ಲೂ ಪಕ್ಕೆಲುಬಿನ ತುಂಡು, ಬೆನ್ನುಮೂಳೆಯ ತುಂಡು. ಗಿಣಿಯಕ್ಕ ಅವನ್ನೆಲ್ಲ ಕೆಲಸದ ಮಣೆಯ ಮೇಲೆ ಹರಡಿ, ಅಂಚಿಗೆ ಅಂಚು ಕೂಡಿಸಿ ಹಾಳೆಯನ್ನು ಮತ್ತೆ ಜೋಡಿಸತೊಡಗಿದರು. ಬೆವರು ಮೂಗಿನ ತುದಿಯಿಂದ ಹಾಳೆಯ ಮೇಲೆ ಬೀಳುತ್ತಿತ್ತು. ನಡುವೆ ಕುರ್ಚಿಯ ಕೈಯಷ್ಟೇ ಅಗಲದ ಒಂದು ಖಾಲಿ ಜಾಗ ಉಳಿಯಿತು. ನೆಲದ ಮೇಲಿನ ಸಿಪ್ಪೆ, ಪುಡಿ, ಗೋಣಿಚೀಲ ಎಲ್ಲ ಜಾಲಾಡಿದೆವು. ಕತ್ತರಿಸಿ ಉಳಿದ ಚೂರನ್ನು ಯಾವ ಬಡಗಿ ತೆಗೆದಿಡುತ್ತಾನೆ?

ಎದೆಯ ಡಾಕ್ಟರು ಆ ತುಂಡುಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ತಾಳ್ಮೆಯಿಂದ ನೋಡಿದರು. “ನಮಗೆ ಬೇಕಾದ ಜಾಗ ಮಾತ್ರ ಇದರಲ್ಲಿಲ್ಲ,” ಅಂದರು.

ಅವತ್ತೇ ಗಿಣಿಯಕ್ಕ ತಮ್ಮನಿಗೆ ಎಲ್ಲ ಹೇಳಿದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ತಲೆ ತಗ್ಗಿಸಿ, ಒಂದೂ ಬಿಡದೆ. ನಾನು ಎದ್ದು ಹೋಗಲು ನೋಡಿದೆ, ಕೂತ್ಕೋ ಅಂತ ಕಣ್ಣಲ್ಲೇ ಹೇಳಿದರು.

ಬಡಗಿಯಣ್ಣ ದಿಂಬಿಗೆ ಒರಗಿಕೊಂಡ. ಆಮೇಲೆ ನಕ್ಕ. “ಬಿಡಕ್ಕಾ. ನೀನು ಟೇಪು ಅಳಿಸ್ದೆ, ನಾನು ಹಾಳೆ ಕತ್ತರಿಸ್ದೆ. ಒಂದೇ ತಾಯಿ ಮಕ್ಕಳು ಅಂತ ತೋರಿಸ್ಕೊಂಡ್ವಿ.”

“ತಮಾಷೆ ಬೇಡ್ವೋ. ಡಾಕ್ಟ್ರು ಕೆಲವು ತಿಂಗಳು ಕಾದು ಇನ್ನೊಂದು ಸ್ಕ್ಯಾನ್ ನೋಡ್ಬಹುದು ಅಂತಿದಾರೆ. ಬೆಳೀದೇ ಇದ್ರೆ ಏನೂ ಇಲ್ಲ ಅಂತ. ಕಾಯೋಣ ಕಣೋ.”

“ಬೆಳೆದಿದ್ರೆ?”

ಗಿಣಿಯಕ್ಕ ಅವನ ಹೊದಿಕೆಯ ಅಂಚು ಎಳೆದು ಸರಿ ಮಾಡಿದರು. ಬೆಳೆಯುವ ಗಡ್ಡೆಯಾದರೆ ಕಾದದ್ದೇ ತಪ್ಪಾಗುತ್ತದೆ ಅಂತಲೂ ಡಾಕ್ಟರು ಹೇಳಿದ್ದರು.

“ಎದೇಲಿ ಒಂದನ್ನ ಇಟ್ಕೊಂಡು, ದಿನಾ ಬೆಳಗ್ಗೆ ಎದ್ದು ಇವತ್ತು ಎಷ್ಟು ಬೆಳೀತೋ ಅಂತ ಯೋಚ್ನೆ ಮಾಡ್ಕೊಂಡು ಕೂರೋಕೆ ನನ್ ಕೈಲಾಗಲ್ಲ. ಗೆದ್ದಲು ಹಿಡಿದ ಹಲಗೆ ಕಾದ್ರೆ ಸರಿ ಹೋಗತ್ತಾ? ತೆಗೀಲಿ,” ಅಂದ. ಅಕ್ಕ ಅಳುವುದನ್ನು ಕಂಡು ಅವರ ತಲೆ ಮೇಲೆ ಕೈಯಿಟ್ಟ. “ರೋಗ ಇರೋದು ನನ್ ಎದೇಲಿ. ನಿನ್ ಟೇಪಲ್ಲಿ ಅಲ್ಲ. ನೀನ್ಯಾಕೆ ಸಾಯ್ತೀಯಾ?”

ಆಪರೇಷನ್ ಆಯಿತು. ಎದೆಯ ಪಕ್ಕದಿಂದ ಬೆನ್ನಿನವರೆಗೆ ಸೀಳಿ, ಶ್ವಾಸಕೋಶದ ದೊಡ್ಡ ಭಾಗವನ್ನೇ ತೆಗೆದರು. ಚುಕ್ಕೆ ಇದ್ದ ಜಾಗ ಹಾಗಿತ್ತು, ಬರೀ ಅದನ್ನಷ್ಟೇ ತೆಗೆಯಲು ಬರುತ್ತಿರಲಿಲ್ಲವಂತೆ. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ಬಂದ ದಿನ ನಾನೂ ವಾರ್ಡಿನಲ್ಲಿದ್ದೆ. ಎದೆಯ ಡಾಕ್ಟರು ಬಂದು ಮಂಚದ ಕಂಬಿ ಹಿಡಿದು ನಿಂತರು.

“ಕ್ಯಾನ್ಸರ್ ಅಲ್ಲ,” ಅಂದರು. “ಹಳೇ ಕಲೆ. ಯಾವತ್ತೋ ವಾಸಿಯಾಗಿದ್ದು.”

ಪಕ್ಕದ ಮಂಚದವರು ಚಪ್ಪಾಳೆ ತಟ್ಟಿದರು. ನರ್ಸು, “ಬೀಸೋ ದೊಣ್ಣೆ ತಪ್ತು ನೋಡಿ ಅಣ್ಣ,” ಅಂತ ಸಂತೋಷಪಟ್ಟಳು. ಬಡಗಿಯಣ್ಣನೂ ನಕ್ಕ. ನಗುತ್ತಲೇ, ಪಕ್ಕೆಯಿಂದ ಹೊರಬಂದಿದ್ದ ನಳಿಕೆಯನ್ನು ನೋಡಿದ. ನಗು ಮುಖದ ಮೇಲೆ ಹಾಗೇ ನಿಂತುಹೋಯಿತು.

“ಅಂದ್ರೆ ಏನೂ ಇರ್ಲಿಲ್ವಾ?”

“ಇರ್ಲಿಲ್ಲ. ಇನ್ನು ನಿಶ್ಚಿಂತೆಯಾಗಿರಿ.”

“ಮತ್ತೆ ತೆಗೆದದ್ದು?”

ಡಾಕ್ಟರು ಡ್ರಿಪ್ಪಿನ ಬಾಟಲಿಯ ಕಡೆ ತಿರುಗಿದರು. ಗಿಣಿಯಕ್ಕ ಕಿಟಕಿಯ ಹತ್ತಿರ ನಿಂತಿದ್ದರು. ಇಡೀ ವಾರ್ಡಿನಲ್ಲಿ ಅವರ ಕಡೆ ಯಾರೂ ನೋಡಲಿಲ್ಲ, ತಮ್ಮನೂ ಸಹ.

ಆಸ್ಪತ್ರೆ ಗಿಣಿಯಕ್ಕನಿಗೆ ಏನೂ ಮಾಡಲಿಲ್ಲ. ಕಂಪನಿಯ ತಪ್ಪು ಅಂತ ಮುಗಿಸಿದರು. ಹಳೆಯ ಚಿತ್ರ ಕೇಳಿ ಬಂದವರಿಗೆ ‘ಮಷೀನು ಕೆಟ್ಟಿತ್ತು’ ಅನ್ನಿ ಅಂತ ನಮಗೆಲ್ಲ ಹೇಳಿಕೊಟ್ಟರು. ಗಿಣಿಯಕ್ಕ ಮಾತ್ರ, ಯಾರಾದರೂ ಹಾಗೆ ಕೇಳಿ ಬಂದಿದ್ದಾರೆ ಅಂತ ತಿಳಿದರೆ ನೆಲಮಾಳಿಗೆಯಿಂದ ಮೇಲೆ ಬಂದು, ಮಷೀನು ಕೆಟ್ಟಿರಲಿಲ್ಲ, ನಾನು ಅಳಿಸಿದ್ದು ಅಂತ ಮುಖ ಕೊಟ್ಟು ಹೇಳುತ್ತಿದ್ದರು. ಕೆಲವರು ಸುಮ್ಮನೆ ಹೋದರು. ಮಗಳ ಚಿತ್ರ ಕೇಳಿ ಬಂದ ಒಬ್ಬ ತಾಯಿ ಕೌಂಟರಿನ ಮುಂದೆಯೇ ಬಾಯಿಗೆ ಬಂದ ಹಾಗೆ ಬೈದಳು. ಗಿಣಿಯಕ್ಕ ಮುಗಿಯುವತನಕ ನಿಂತು ಕೇಳಿಸಿಕೊಂಡರು. ಅವರ ಮೇಲಿನ ನನ್ನ ಅಭಿಮಾನ ಅವತ್ತು ಇನ್ನೂ ಜಾಸ್ತಿಯಾಯಿತು. ಆದರೆ ಅದನ್ನು ಕಟ್ಟಿಕೊಂಡು ಅವರೇನು ಮಾಡುತ್ತಾರೆ?

ಗಾಯ ಮಾಗಿದ ಮೇಲೆ ಬಡಗಿಯಣ್ಣ ಕೆಲಸದ ಮನೆಯ ಬೀಗ ತೆಗೆದ. ಹಳೆಯ ಗಿರಾಕಿಯೊಬ್ಬರು ಒಂದು ಬಾಗಿಲಿಗೆ ಹೇಳಿಹೋಗಿದ್ದರು. ಹಲಗೆಯನ್ನು ಮಣೆಯ ಮೇಲಿಟ್ಟು ಕೀಸುಳಿ ಹಿಡಿದು ತಳ್ಳಿದ. ಒಂದು ಸುರುಳಿ ಎದ್ದಿತು. ಎರಡನೆಯ ಸಲ ಅರ್ಧಕ್ಕೇ ಕೈ ನಿಂತಿತು. ಮಣೆಯ ಮೇಲೆ ಎರಡೂ ಮುಂಗೈ ಊರಿ, ಬಾಯಿ ತೆರೆದು ಉಸಿರಿಗೆ ಹುಡುಕಾಡಿದ. ಮತ್ತೆ ಪ್ರಯತ್ನಿಸಿದ. ಕೊನೆಗೆ ಗಿರಾಕಿಗೆ ತಾನೇ ಹೇಳಿದ, ಬೇರೆಯವರಿಗೆ ಕೊಡಿ ಅಂತ.

ಆ ಸಂಜೆ ಕೆಳಗಿನ ಮನೆಯಿಂದ ಮಾತು ಬಂತು. ಬಾಗಿಲು ತೆರೆದೇ ಇತ್ತು, ನಾನು ಮೆಟ್ಟಿಲಿನ ಮೇಲಿದ್ದೆ.

“ನಾನು ರಜಾ ಹಾಕ್ತೀನಿ ಕಣೋ. ಹಲಗೆ ನಾನು ತಳ್ತೀನಿ, ನೀನು ಪಕ್ಕದಲ್ಲಿ ಕೂತು ಹೇಳ್ಕೊಡು.”

“ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಲ್ಲಕ್ಕಾ,” ಅಂದ ಅವನು. ದನಿ ಏರಿರಲಿಲ್ಲ. “ಒಂದು ಚಿತ್ರ ಇದ್ದಿದ್ರೆ ಸಾಕಿತ್ತು.”

“ಅವತ್ತು ನೀನೇ ಬಿಡಕ್ಕಾ ಅಂದ್ಯಲ್ಲೋ...”

“ಅಂದೆ. ರೋಗ ಇದೆ ಅಂತ ತಿಳ್ಕೊಂಡು ಅಂದೆ. ಸಾಯೋನಿಗೆ ಕ್ಷಮಿಸೋದು ಸುಲಭ. ಈಗ ಬದುಕ್ಬೇಕಲ್ಲ.”

ಒಳಗೆ ಪಾತ್ರೆ ಕೆಳಗಿಟ್ಟ ಸದ್ದಾಯಿತು.

“ನೀನೇ ಹೋಗ್ಬೇಡ ಅಂದೆ,” ಗಿಣಿಯಕ್ಕ ಮೆಲ್ಲಗೆ ಅಂದರು. “ನನ್ ಕೈ ಹಿಡ್ಕೊಂಡಿದ್ದೆ.”

“ಹೌದಕ್ಕಾ. ಅದನ್ನೂ ನೆನಪು ಮಾಡು. ಅದೂ ನನ್ ತಲೆ ಮೇಲೇ ಇರ್ಲಿ.”

ಆ ಮಾತು ಬಾಯಿಂದ ಜಾರಿದ್ದಕ್ಕೆ ಗಿಣಿಯಕ್ಕ ಆಮೇಲೆ ಎಷ್ಟು ಪರಿತಪಿಸಿದರು ಅಂತ ನನಗೆ ಗೊತ್ತು. ಟೇಪಿನದಕ್ಕಿಂತ ಇದೇ ಜಾಸ್ತಿ ಕಾಡುತ್ತದೆ ಕಣೇ ಅಂತ ನನ್ನ ಹತ್ತಿರ ಅಂದಿದ್ದಾರೆ.

ಮುಂದಿನ ಭಾನುವಾರ ಬಡಗಿಯಣ್ಣ ಕೆಲಸದ ಮನೆಗೇ ಇರಲು ಹೊರಟ. ಇಲ್ಲಿ ಇದ್ದರೆ ಇಬ್ಬರಿಗೂ ಉಸಿರು ಕಟ್ಟುತ್ತದೆ ಅಂದನಂತೆ. ಬಟ್ಟೆಯ ಚೀಲ ಅವನೇ ಹಿಡಿದಿದ್ದ, ಹಾಸಿಗೆ ಎತ್ತಲು ಅವನಿಂದ ಆಗಲಿಲ್ಲ. ಗಿಣಿಯಕ್ಕ ಅದನ್ನು ಸುತ್ತಿ ತಲೆಯ ಮೇಲೆ ಹೊತ್ತರು. ಅವನು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಅವರೂ ಹಾಸಿಗೆ ಹೊತ್ತೇ ನಿಲ್ಲುತ್ತಿದ್ದರು. ಬೀದಿಯ ಜನ ಮನೆ ಬದಲಾಯಿಸ್ತಿದೀರಾ ಅಂತ ಕೇಳಿದರು, ಇಬ್ಬರೂ ಮುಂದೆ ನಡೆದರು. ನಾನು ನೀರಿನ ಕೊಡ ಹಿಡಿದು ಹಿಂದೆ ಇದ್ದೆ.

ಗಿಣಿಯಕ್ಕ ಮೂಲೆ ಗುಡಿಸಿ ಹಾಸಿಗೆ ಹಾಸಿದರು. ತಲೆದಿಂಬು ಎರಡು ಸಲ ತಿರುಗಿಸಿಟ್ಟರು.

“ಇಲ್ಲಿ ಪುಡಿ ಜಾಸ್ತಿ ಕಣೋ. ನಿಂಗೆ ಪುಡಿ ಆಗಲ್ಲ ಅಂತ ಡಾಕ್ಟ್ರು...”

“ನಂಗೆ ಯಾವುದು ಆಗತ್ತೆ, ಯಾವುದು ಆಗಲ್ಲ ಅಂತ ಇನ್ಮೇಲೆ ನಾನೇ ಹೇಳ್ತೀನಿ ಅಕ್ಕಾ.”

“ಊಟ ಕಳಿಸ್ಲಾ?”

ಅವನು ಕೊಡ ತೆಗೆದುಕೊಂಡು ಮಣೆಯ ಕೆಳಗಿಟ್ಟ. ಬಾಗಿಲ ಹತ್ತಿರ ನಿಂತು ನಾವು ಹೊರಡಲಿ ಅಂತ ಕಾದ. ಗಿಣಿಯಕ್ಕ ಹೊರಗೆ ಬಂದರು. ಹಿಂದೆಯೇ ಬಾಗಿಲು ಮುಚ್ಚಿತು, ಒಳಗಿನಿಂದ ಅಗಳಿ ಬಿತ್ತು. ಅವರು ಬೀದಿಯಲ್ಲಿ ನಿಂತೇ ಇದ್ದರು. ಒಳಗೆ ಅವನು ಕೆಮ್ಮಲು ಶುರು ಮಾಡಿದ.